ಪಿಂಚಣಿದಾರರ ಊರು: ಬಸವನಗುಡಿ, ಮಲ್ಲೇಶ್ವರಗಳ ಪೂರ್ವಕಥೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡರಲ್ಲಿ ಮದುವೆಯ ಭಾರವನ್ನು ಮನುಷ್ಯನು ಸಾಮಾನ್ಯವಾಗಿ ಮೈಯಲ್ಲಿ ಕಸುವೂ ಕೈಯಲ್ಲಿ ಸಂಬಳವೂ ಇರುವಾಗಲೇ ಹೊರುತ್ತಾನೆ. ಮನೆಯ ಭಾರವಾದರೋ, ಸರಕಾರಿ ನೌಕರಿಯಲ್ಲಿದ್ದ ನಮ್ಮ ಹಿರಿಯರಿಗೆ, ಬಹುಮಟ್ಟಿಗೆ ಕೆಲಸ ಮುಗಿದು ವರಮಾನ ಇಳಿದ ಮೇಲೆ ಬಂದೊದಗುತ್ತಿತ್ತು. ಅಮಲ್ದಾರರಾಗಲಿ, ಶಿರಸ್ತೇದಾರರಾಗಲಿ, ಉಪಾಧ್ಯಾಯರಾಗಲಿ ಊರಿಂದೂರಿಗೆ ವರ್ಗವಾಗುತ್ತ, ಬಾಡಿಗೆಯ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿ, ಐವತ್ತೈದನೆಯ ವಯಸ್ಸಿಗೆ ಕಚೇರಿಯಿಂದ ಹೊರಬಂದಾಗ, ಇನ್ನು ಎಲ್ಲಿ ನೆಲೆಸುವುದೆಂಬ ಪ್ರಶ್ನೆ ಎದುರಿಗೆ ನಿಲ್ಲುತ್ತಿತ್ತು. ಹಳ್ಳಿಯ ಮನೆಯಲ್ಲಿ ದಾಯಾದಿಗಳು ಇರುವರು. ಮಕ್ಕಳ ಓದು ಪಟ್ಟಣದಲ್ಲಿ ನಡೆಯುತ್ತಿರುವುದು. ಪಿಂಚಣಿ ಹೆಚ್ಚೆಂದರೆ ಸಂಬಳದ ಅರ್ಧ. ಈ ಪ್ರಶ್ನೆಗೆ ಬೆಂಗಳೂರು ಕೊಟ್ಟ ಉತ್ತರವೇ ಬಸವನಗುಡಿ ಮತ್ತು ಮಲ್ಲೇಶ್ವರ. ಆ ಉತ್ತರ ಹೇಗೆ ಸಿದ್ಧವಾಯಿತು, ಅದಕ್ಕಾಗಿ ಬೆಲೆ ತೆತ್ತವರು ಯಾರು, ಅದು ಎಷ್ಟು ಕಾಲ ಉಳಿಯಿತು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಒಂದು ಮಾತು. ಬೆಂಗಳೂರನ್ನು ವಿಶ್ರಾಂತಿಯ ಊರೆಂದು ಆರಿಸಿಕೊಂಡವರಲ್ಲಿ ನಮ್ಮ ಅಧಿಕಾರಿಗಳೇ ಮೊದಲಿಗರಲ್ಲ. ಸಮುದ್ರಮಟ್ಟಕ್ಕೆ ಸುಮಾರು ಮೂರು ಸಾವಿರ ಅಡಿ ಮೇಲಿರುವ ಈ ಊರಿನ ತಂಪನ್ನು ದಂಡಿನ ಪ್ರದೇಶದ ಯೂರೋಪಿಯನ್ನರು ಅದಕ್ಕೆ ಹಿಂದೆಯೇ ಕಂಡುಕೊಂಡಿದ್ದರು. 1882ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ ಸುಮಾರು 3,900 ಎಕರೆ ನೆಲವನ್ನು ದಯಪಾಲಿಸಿದರು. ಆ ಸಂಘದ ಮುಖಂಡರಾಗಿದ್ದ ವೈಟ್ ಎಂಬವರ ಹೆಸರಿನಲ್ಲಿ ವೈಟ್‌ಫೀಲ್ಡ್ ಎಂಬ ವಸತಿ ಏರ್ಪಟ್ಟಿತು. ಆದರೆ ಅದು ಬೇಸಾಯಗಾರರ ನೆಲೆಯಾಗಬೇಕೆಂದು ಉದ್ದೇಶಿಸಿದುದು. ಊರಿನಿಂದ ಬಹು ದೂರ. ಅರ್ಧ ಸಂಬಳದಲ್ಲಿ ಬದುಕುವ ಗೃಹಸ್ಥನಿಗೆ ಬೇಕಾದುದು ಹೊಲವಲ್ಲ. ಕುಡಿಯಲು ನೀರು, ನಡೆದುಹೋಗುವಷ್ಟು ದೂರದಲ್ಲಿ ಮಾರುಕಟ್ಟೆ ಮತ್ತು ದೇವಸ್ಥಾನ, ಮಕ್ಕಳಿಗೆ ಶಾಲೆ, ಕಾಯಿಲೆಗೆ ವೈದ್ಯ. ಇವೇ ಅವನ ಅಗತ್ಯಗಳು.

ಆ ಕಾಲದ ಬೆಂಗಳೂರು ಪೇಟೆಯಲ್ಲಿ ಇವು ಇರಲಿಲ್ಲವೆಂದಲ್ಲ. ಉಸಿರಾಡಲು ಸ್ಥಳ ಇರಲಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಆ ಪೇಟೆ ನೇಕಾರರು, ವರ್ತಕರು, ಕುಶಲಕರ್ಮಿಗಳು ಬೀದಿಬೀದಿಗಳಾಗಿ ನೆಲೆಸಿದ್ದ ಸ್ಥಳ. ಗೋಡೆಗೆ ಗೋಡೆ ತಾಗಿದ ಮನೆಗಳು, ಇಕ್ಕಟ್ಟಾದ ಓಣಿಗಳು, ತೆರೆದ ಚರಂಡಿಗಳು. ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಈ ಇಕ್ಕಟ್ಟನ್ನು ಸಡಿಲಿಸುವ ಆಲೋಚನೆ ಹುಟ್ಟಿ, 1892ರಲ್ಲಿ ಚಾಮರಾಜಪೇಟೆಯೂ ಶೇಷಾದ್ರಿಪುರವೂ ರೂಪುಗೊಂಡವು. ಕೆಲವೇ ವರ್ಷಗಳಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ಪೇಟೆಯ ಬಾವಿಗಳನ್ನೂ ಕಲ್ಯಾಣಿಗಳನ್ನೂ ಬಿಟ್ಟು ದೂರ ಹೋಗಿ ಬಾಳುವುದು ಸಾಧ್ಯವಾದುದು ಈ ನೀರಿನಿಂದ. ಆದರೂ ನೆಲೆಯಾದ ಮನೆಯನ್ನು ಬಿಟ್ಟು ಹೊರಗಿನ ಬಯಲಿಗೆ ಹೋಗಲು ಜನರಿಗೆ ಮನಸ್ಸಾಗಬೇಕಲ್ಲ! ಆ ಮನಸ್ಸನ್ನು ಮಾಡಿಸಿದುದು ಮಹಾಮಾರಿ.

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ರೈಲು ಬಂದ ದಾರಿಯಲ್ಲಿಯೇ ಅದೂ ಬಂದಿತೆಂಬುದನ್ನು ನೆನೆಯಬೇಕು. ಇಲಿ ಬಿದ್ದ ಮನೆಯನ್ನು ತೊರೆದು ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಸೋಂಕು ತಗುಲಿದ ಮನೆಗಳ ಹೆಂಚು ತೆಗೆಸಿ ಬಿಸಿಲು ಬೀಳುವಂತೆ ಮಾಡಿದುದೂ, ಕೆಲವನ್ನು ಕೆಡವಿಸಿದುದೂ ಉಂಟು. ಅನುಭವಿಸಿದವರ ದುಃಖವನ್ನು ಅಂಕಿಗಳು ಹೇಳಲಾರವು. ಆದರೂ ಒಂದು ಲೆಕ್ಕ ಸಾಕು. 1891ರ ಜನಗಣತಿಯಲ್ಲಿ ಬೆಂಗಳೂರು ನಗರದ, ಎಂದರೆ ದಂಡಿನ ಪ್ರದೇಶವನ್ನು ಬಿಟ್ಟು ಉಳಿದ ಭಾಗದ, ಜನಸಂಖ್ಯೆ 80,285. ಹತ್ತು ವರ್ಷಗಳ ಮೇಲೆ, 1901ರಲ್ಲಿ, ಅದು 69,447. ಬೆಳೆಯಬೇಕಾದ ರಾಜಧಾನಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನರು ಇಲ್ಲವಾಗಿದ್ದರು. ಕೆಲವರು ಸತ್ತು, ಕೆಲವರು ಊರು ಬಿಟ್ಟು.

ಈ ಭಯದ ಮೇಲೆ ಹೊಸ ಬಡಾವಣೆಗಳ ಅಸ್ತಿಭಾರ ಬಿದ್ದಿತು. ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ. ಎರಡಕ್ಕೂ ಹೆಸರು ಕೊಟ್ಟುದು ಅಲ್ಲಿದ್ದ ಹಳೆಯ ಗುಡಿಗಳೇ. ಸುಂಕೇನಹಳ್ಳಿಯ ಗುಡ್ಡದ ಮೇಲಿನ ದೊಡ್ಡ ಬಸವಣ್ಣನ ಗುಡಿಗೆ ಕಾರ್ತಿಕದ ಕಡೆಯ ಸೋಮವಾರ ಸುತ್ತಣ ರೈತರು ಕಡಲೆಕಾಯಿಯನ್ನು ತಂದು ಪರಿಷೆ ಮಾಡುವುದು ಇಂದಿಗೂ ನಡೆದಿದೆ. ಮಲ್ಲೇಶ್ವರದ ದೇವರಿಗೆ ಕಾಡು ಮಲ್ಲೇಶ್ವರನೆಂದೇ ಹೆಸರು. ಶಿವಾಜಿಯ ತಮ್ಮನಾದ ಏಕೋಜಿಯು ಮಲ್ಲಪುರದ ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟುದನ್ನು 1669ರ ಶಾಸನ ತಿಳಿಸುತ್ತದೆ. ಕಾಡೆಂಬ ಹೆಸರು ಬರಿಯ ಅಲಂಕಾರವಲ್ಲ. ಬಡಾವಣೆಯಾದ ಮೊದಲ ವರ್ಷಗಳಲ್ಲಿ ಪೇಟೆಯವರ ಕಣ್ಣಿಗೆ ಅದು ಊರಾಚೆಯ ಅರಣ್ಯವೇ. ಸಂಜೆಯಾದ ಮೇಲೆ ಜಟಕಾದವನು ಅಷ್ಟು ದೂರ ಬರಲು ಒಪ್ಪಬೇಕಾದರೆ ಹೆಚ್ಚು ಕಾಸು ಕೇಳುವನು.

ಇದರಲ್ಲಿಯೇ ನಮ್ಮ ವಿಷಯದ ಗುಟ್ಟಿದೆ. ಅರ್ಧ ಸಂಬಳದವನಿಗೆ ಇಲ್ಲಿ ಮನೆ ಕೈಗೆಟುಕಿದುದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ದೂರ. ಪ್ರತಿದಿನ ಹತ್ತು ಗಂಟೆಗೆ ಅಂಗಡಿಯ ಬಾಗಿಲು ತೆರೆಯಬೇಕಾದ ವರ್ತಕನಿಗೆ ಯಾವ ದೂರವು ನಷ್ಟವೋ, ಕಚೇರಿಯನ್ನು ಮುಗಿಸಿ ಬಂದ ವೃದ್ಧನಿಗೆ ಅದು ನಷ್ಟವಲ್ಲ. ಅವನಲ್ಲಿ ಹಣ ಕಡಿಮೆ, ಹೊತ್ತು ಹೆಚ್ಚು. ಎರಡನೆಯದು, ನೆಲವನ್ನು ಅಳತೆ ಮಾಡಿ ಹಂಚಿದವರು ಲಾಭಕ್ಕಾಗಿ ಮಾರುವ ಸಾಹುಕಾರರಲ್ಲ, ಸರಕಾರದವರು. ಅವರಿಗೆ ಬೇಕಾದುದು ಆರೋಗ್ಯ. ಆದುದರಿಂದ ನೇರವಾದ ಅಗಲ ಬೀದಿಗಳು, ಮನೆಯ ಸುತ್ತ ಬಯಲು, ಹಿಂದೆ ಕಸ ಸಾಗಿಸುವ ಹಿತ್ತಲಗಲ್ಲಿ, ಉದ್ಯಾನಕ್ಕೂ ಮಾರುಕಟ್ಟೆಗೂ ಮೊದಲೇ ಬಿಟ್ಟ ಜಾಗ, ಇವೆಲ್ಲವೂ ನಕ್ಷೆಯಲ್ಲಿಯೇ ಬಂದವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದು ದೀಪಗಳು ಹೊತ್ತಿದುವು. 1900ರಲ್ಲಿಯೇ ವಿಕ್ಟೋರಿಯಾ ಆಸ್ಪತ್ರೆ ತೆರೆದಿತ್ತು.

ಮೂರನೆಯ ಕಾರಣ ಸಾಲ. ಹಣವಂತನಲ್ಲದವನು ಮನೆ ಕಟ್ಟಲು ಲೇವಾದೇವಿಯವನ ಬಳಿಗೆ ಹೋದರೆ, ಕಟ್ಟಿದ ಮನೆ ಕಡೆಗೆ ಅವನದೇ ಆಗುವುದುಂಟು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾನೂನು ಬಂದು, 1909ರಲ್ಲಿ ಬೆಂಗಳೂರು ಕಟ್ಟಡ ಸಹಕಾರ ಸಂಘ ಸ್ಥಾಪಿತವಾಯಿತು. ಮನೆ ಕಟ್ಟುವುದಕ್ಕೆಂದೇ ಏರ್ಪಟ್ಟ ಸಹಕಾರ ಸಂಘಗಳಲ್ಲಿ ಇಂಡಿಯಾದಲ್ಲಿಯೇ ಇದು ಮೊದಲನೆಯದೆಂದು ಹೆಸರಾಗಿದೆ. ಇದರ ತತ್ತ್ವ ಸರಳವಾದುದು. ಹತ್ತು ಮಂದಿ ಪಾಲುಹಣವನ್ನು ಒಟ್ಟುಗೂಡಿಸಿದರೆ ಒಬ್ಬೊಬ್ಬನಿಗೂ ಸಾಲ ಸಿಕ್ಕುವುದು; ಬಾಡಿಗೆಯೆಂದು ತೆರುತ್ತಿದ್ದ ಹಣವನ್ನೇ ಕಂತೆಂದು ತೆತ್ತರೆ ಮನೆ ತನ್ನದಾಗುವುದು. ಸೇವೆಯಲ್ಲಿರುವಾಗಲೇ ಈ ಮಾರ್ಗವನ್ನು ಹಿಡಿದವನು, ನಿವೃತ್ತನಾಗುವ ಹೊತ್ತಿಗೆ ಹೊಸ್ತಿಲು ದಾಟಿ ಒಳಗೆ ಕುಳಿತಿರುತ್ತಿದ್ದನು.

ಮನೆಯೆಂದರೆ ಬರಿಯ ನೆರಳಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆ ಕಾಲದ ಪಿಂಚಣಿ ಪಡೆಯುವವನ ಉಸಿರಿರುವವರೆಗೆ ಮಾತ್ರ. ಅವನು ಕಣ್ಣು ಮುಚ್ಚಿದ ತಿಂಗಳಿಗೆ ಅದೂ ನಿಲ್ಲುತ್ತಿತ್ತು. ವಿಧವೆಗೆ ಕುಟುಂಬ ಪಿಂಚಣಿ ಸಲ್ಲುವ ಪದ್ಧತಿ ನಮ್ಮ ದೇಶದಲ್ಲಿ ವ್ಯಾಪಕವಾದುದು 1964ರಿಂದ ಈಚೆಗೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಬಸವನಗುಡಿಯ ಮನೆಗಳನ್ನು ನೋಡಿದರೆ ಅವುಗಳ ಆಕಾರ ಅರ್ಥವಾಗುತ್ತದೆ. ಮುಂದೆ ಕಂಬದ ಜಗಲಿ, ಮಂಗಳೂರು ಹೆಂಚಿನ ಮಾಡು, ತೆಂಗು, ಸಂಪಿಗೆ. ಹಿಂದೆ ಹಿತ್ತಲಿನಲ್ಲಿ ಎರಡು ಸಣ್ಣ ಮನೆಗಳು, ಇಲ್ಲವೆ ಪಕ್ಕದಲ್ಲಿ ಸಾಲಾಗಿ ವಠಾರ. ದಾರಿಹೋಕನಿಗೆ ಅದು ಸಂಪತ್ತಿನ ಗುರುತಾಗಿ ಕಾಣಬಹುದು. ಕಟ್ಟಿಸಿದವನು ನೆನೆದುದು ಬೇರೆ: ತಾನು ಹೋದ ಮೇಲೆ ಆ ಹಿಂದಿನ ಮನೆಯ ಬಾಡಿಗೆ ಹೆಂಡತಿಯ ಅಕ್ಕಿ ಬೇಳೆಗೆ ಆಗಲಿ ಎಂದು. ಹೀಗೆ ಒಬ್ಬ ನಿವೃತ್ತನ ಮುಪ್ಪಿಗೆ ಆಧಾರವಾದ ಮನೆ, ಊರಿಗೆ ಹೊಸದಾಗಿ ಬಂದ ಗುಮಾಸ್ತನಿಗೂ ವಿದ್ಯಾರ್ಥಿಗೂ ಅಗ್ಗದ ವಸತಿಯಾಯಿತು.

ಹೊತ್ತು ಹೆಚ್ಚಾಗಿದ್ದ ಈ ವೃದ್ಧರು ಬಡಾವಣೆಗಳಿಗೆ ಒಂದು ನಡೆವಳಿಕೆಯನ್ನು ಕೊಟ್ಟರು. ಬಸವನಗುಡಿಯಲ್ಲಿ ರಾಮಕೃಷ್ಣಾಶ್ರಮ 1909ರಲ್ಲಿ ತೆರೆಯಿತು, ನ್ಯಾಷನಲ್ ಹೈಸ್ಕೂಲು 1917ರಲ್ಲಿ, ಶ್ರೀ ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಶ್ರೀ ಬಿ.ಪಿ. ವಾಡಿಯಾ ಅವರ ವಿಶ್ವಸಂಸ್ಕೃತಿ ಸಂಸ್ಥೆ, ಎರಡೂ 1945ರಲ್ಲಿ. ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1943ರಲ್ಲಿ ಸರಕಾರದ ಸೇವೆಯನ್ನು ಬಿಟ್ಟು, ಗವಿಪುರದ ಮನೆಯಿಂದ 'ಜೀವನ' ಪತ್ರಿಕೆಯನ್ನು ನಡೆಸಿದರು. ಕೈಯಲ್ಲಿ ಛತ್ರಿ ಹಿಡಿದು ಸಂಜೆ ಕ್ಲಬ್ಬಿಗೆ ನಡೆದುಹೋಗುತ್ತಿದ್ದ ಅವರನ್ನು ಬಸವನಗುಡಿಯವರು ಬಹು ಕಾಲ ಕಂಡರು. ಮಲ್ಲೇಶ್ವರದಲ್ಲಿ ಸರ್ ಸಿ.ವಿ. ರಾಮನ್ನರು 1942ರಲ್ಲಿ 'ಪಂಚವಟಿ' ಎಂಬ ಮನೆಯನ್ನು ಕೊಂಡರು. ವಿಶ್ರಾಂತಿಯೆಂದರೆ ಕೈಕಟ್ಟಿ ಕೂರುವುದಲ್ಲವೆಂದು ಆ ತಲೆಮಾರು ತಿಳಿದಿತ್ತು.

ಆದರೆ ಚರಿತ್ರೆಯನ್ನು ಹೇಳುವವನು ಒಂದು ಮಗ್ಗುಲನ್ನು ಮಾತ್ರ ತೋರಿಸಬಾರದು. ಅಗ್ಗವಾಗಿ ದೊರೆತ ನೆಲ ಮತ್ತೊಬ್ಬರದಾಗಿತ್ತು. ಸುತ್ತಲ ಹಳ್ಳಿಗಳ ರೈತರ ಹೊಲವೂ ತೋಟವೂ ಕರಗಿ ಬೀದಿಗಳಾದವು. ಬಡಾವಣೆಯ ಭಾಗಗಳನ್ನು ಜಾತಿ ಮತಗಳಿಗೆ ಅನುಸಾರವಾಗಿ ಹಂಚುವ ಕ್ರಮವೂ ಇತ್ತು. ಗಾಳಿ ಬೆಳಕುಗಳನ್ನು ಹೊಸದಾಗಿ ಯೋಚಿಸಿದವರು, ಮನುಷ್ಯ ಮನುಷ್ಯರ ನಡುವಣ ಗೋಡೆಯನ್ನು ಹಳೆಯದಾಗಿಯೇ ಉಳಿಸಿದರು. ಪ್ಲೇಗಿನಲ್ಲಿ ಹೆಚ್ಚು ನೊಂದ ಪೇಟೆಯ ಕೂಲಿಗಾರನಿಗೆ ನಿವೇಶನಕ್ಕೆ ತೆರಲು ಹಣವಿರಲಿಲ್ಲ. ಪಿಂಚಣಿಯಂತೂ ಇಲ್ಲವೇ ಇಲ್ಲ. ಅವನು ಅದೇ ಓಣಿಗೆ ಹಿಂದಿರುಗಿದನು. ಅಗ್ಗವೆಂಬ ಮಾತಿಗೆ, ಯಾರಿಗೆ ಅಗ್ಗ ಎಂಬ ಪ್ರಶ್ನೆ ಯಾವಾಗಲೂ ಅಂಟಿಕೊಂಡಿರುವುದು.

ಎರಡನೆಯ ಸಂಗತಿ, ಇಂಥ ಅಗ್ಗ ಬಹು ಕಾಲ ನಿಲ್ಲುವುದಿಲ್ಲ. ಅರಣ್ಯವೆಂದು ಹೆದರಿದ ಜಾಗದಲ್ಲಿ ಮೊದಲು ಬಂದವರು ಮರ ನೆಟ್ಟು, ಶಾಲೆ ಕಟ್ಟಿ, ಬೀದಿಗೆ ಒಳ್ಳೆಯ ಹೆಸರನ್ನು ತಂದರು. ಆ ಹೆಸರೇ ಬೆಲೆಯನ್ನು ಏರಿಸಿತು. 1940ರಲ್ಲಿ ಊರಿಗೆ ಬಸ್ಸುಗಳ ಕಂಪೆನಿ ಬಂದು ದೂರವೆಂಬುದು ಕರಗಿತು. ಎರಡು ನಗರಗಳೂ ಕೂಡಿ 1941ರಲ್ಲಿ 4,06,760 ಇದ್ದ ಜನಸಂಖ್ಯೆ 1951ರಲ್ಲಿ 7,78,977 ಆಯಿತು. 1945ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಏರ್ಪಟ್ಟು, 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಾಗ, ಅರ್ಧ ಸಂಬಳದವನು ಇನ್ನೂ ದಕ್ಷಿಣಕ್ಕೆ ಸರಿದನು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 84 ಲಕ್ಷವನ್ನು ದಾಟಿತು. ಜಟಕಾ ಹೋಗಲೊಲ್ಲದೆ ನಿಲ್ಲುತ್ತಿದ್ದ ಮಲ್ಲೇಶ್ವರಕ್ಕೆ 2014ರಲ್ಲಿ ಮೆಟ್ರೋ ರೈಲು ಬಂದಿತು. ಜಗಲಿಯ ಮನೆಗಳು ಒಂದೊಂದಾಗಿ ಉರುಳಿ, ಆ ನೆಲದ ಮೇಲೆ ಅಂತಸ್ತುಗಳು ಏಳುತ್ತಿವೆ. ಇಂದು ನಿವೃತ್ತನಾಗುವ ಉಪಾಧ್ಯಾಯನು ತನ್ನ ಪಿಂಚಣಿಯಿಂದ ಬಸವನಗುಡಿಯಲ್ಲಿ ಒಂದು ಹಿತ್ತಲನ್ನೂ ಕೊಳ್ಳಲಾರನು.

ಇದಕ್ಕಾಗಿ ಕೊರಗುತ್ತ ಕೂರುವುದರಿಂದ ಫಲವಿಲ್ಲ. ಆ ಬಡಾವಣೆಗಳು ತಾವಾಗಿ ಬೆಳೆದ ಕಾಡುಹೂಗಳಲ್ಲ. ನೀರನ್ನು ಮೊದಲು ತಂದು, ಬೀದಿಯನ್ನು ಮೊದಲು ಬಿಟ್ಟು, ನೆಲವನ್ನು ಲಾಭವಿಲ್ಲದೆ ಹಂಚಿ, ಸಾಲವನ್ನು ಸಂಘದ ಕೈಗೆ ಒಪ್ಪಿಸಿದ ಆಡಳಿತದ ಫಲ. ಅದನ್ನು ಮಾಡಲು ಅಂದು ಪ್ಲೇಗು ಬರಬೇಕಾಯಿತು. ಈಗ ಊರಿನ ಅಂಚಿನಲ್ಲಿ ಹೊಸ ಬಡಾವಣೆಗಳ ಕಲ್ಲು ನೆಡುತ್ತಿರುವವರು ಆ ನಾಲ್ಕು ಕೆಲಸಗಳನ್ನು ಅದೇ ಅನುಕ್ರಮದಲ್ಲಿ ಮಾಡುವರೇ, ಮತ್ತು ಅಂದು ಓಣಿಗೆ ಹಿಂದಿರುಗಿದ ಕೂಲಿಗಾರನ ಮೊಮ್ಮಗನಿಗೂ ಅಲ್ಲಿ ಒಂದು ನಿವೇಶನವನ್ನು ಗುರುತಿಸುವರೇ ಎಂಬುದನ್ನು ನಾವು ಕೇಳಬೇಕು. ಬಸವನಗುಡಿಯ ಹಳೆಯ ಬೀದಿಗಳಲ್ಲಿ ಸಂಜೆ ತಿರುಗಾಡಲು ಹೋಗುವವರು, ಉಳಿದಿರುವ ಒಂದಾದರೂ ಜಗಲಿಯ ಮುಂದೆ ನಿಂತು, ಅದರ ಹಿಂದೆ ಹಿತ್ತಲಿನಲ್ಲಿರುವ ಆ ಸಣ್ಣ ಮನೆಯನ್ನೂ ನೋಡಿ ಬರಲಿ.