ವಾಯಿದೆ

ಹಿರಿಯೂರಿನ ಕೋರ್ಟಿನಿಂದ ಹೊರಬಂದ ರೈತನನ್ನು ಬಸ್‌ಸ್ಟ್ಯಾಂಡಿನಲ್ಲಿ ಊರಿನವರು "ಏನಾಯ್ತಣ್ಣ ಕೇಸು?" ಎಂದರೆ ಎರಡೇ ಮಾತಿನ ಉತ್ತರ: "ವಾಯ್ದೆ ಬಿತ್ತು." ಅಂದರೆ ಇವತ್ತೂ ಆಗಲಿಲ್ಲ, ಇನ್ನೊಂದು ತಾರೀಕು ಕೊಟ್ಟಿದ್ದಾರೆ. ಹೊಸದುರ್ಗದ ಕಡೆ ಸೊಸೈಟಿಯಲ್ಲಿ ಬೆಳೆಸಾಲ ತೆಗೆದವರ ಬಾಯಲ್ಲಿ ಅದೇ ಪದಕ್ಕೆ ಬೇರೆ ತೂಕವಿದೆ. ಅಲ್ಲಿ ವಾಯಿದೆ ಎಂದರೆ ಸಾಲ ತೀರಿಸಲೇಬೇಕಾದ ದಿನ. ಹೊಳಲ್ಕೆರೆಯಲ್ಲಿ ಅಡಿಕೆ ಕೊಯ್ಲಿಗೆ ಮೊದಲೇ ಕೈಗಡ ತಂದವನು ಸಾಲ ಕೊಟ್ಟವರ ಮುಂದೆ ನಿಂತು "ಒಂದು ತಿಂಗಳು ವಾಯ್ದೆ ಕೊಡಿ ಸ್ವಾಮಿ" ಎನ್ನುವಾಗ ಅದು ಕೈಚಾಚಿ ಬೇಡುವ ರಿಯಾಯಿತಿ. ಕಟ್ಟುನಿಟ್ಟಿನ ದಿನ, ಆ ದಿನದ ಮುಂದೂಡಿಕೆ, ಮುಂದೂಡುವವರ ದಯೆ, ಮೂರನ್ನೂ ಒಂದೇ ಪದ ಹೊತ್ತಿದೆ.

ಹುಟ್ಟಿನಲ್ಲಿ ಈ ಪದಕ್ಕೆ ಇಂಥ ಇಬ್ಬಂದಿ ಇರಲಿಲ್ಲ. ಅರಬ್ಬಿಯಲ್ಲಿ 'ವಅದ' ಎಂದರೆ ಮಾತು ಕೊಡುವುದು. ಪಾರಸಿಗೆ ಬಂದಾಗ ಕೊಟ್ಟ ಮಾತಿನ ಜೊತೆಗೆ ಆ ಮಾತು ನಡೆಸಿಕೊಡುವ ಗೊತ್ತಾದ ದಿನವೂ ಅದರ ಅರ್ಥವಾಯಿತು. ಹಿಂದಿಯ 'ವಾದಾ' ಇವತ್ತಿಗೂ ಪ್ರೇಮಿಗಳ ಭಾಷೆ. ಮರಾಠಿಯ 'ವಾಯದಾ' ವ್ಯಾಪಾರಿಗಳದು. ಮುಂದಿನ ತಾರೀಕಿಗೆ ದರ ನಿಗದಿ ಮಾಡಿ ಕೊಳ್ಳುವ ಪೇಟೆಗೆ 'ವಾಯದಾ ಬಜಾರ್' ಎನ್ನುತ್ತಾರೆ. ಕನ್ನಡಕ್ಕೆ ಅದು ಪ್ರೇಮಿಗಳ ದಾರಿಯಲ್ಲಿ ಬರಲಿಲ್ಲ. ಕಂದಾಯ, ಸಾಲ, ನ್ಯಾಯದ ದಾರಿಯಲ್ಲಿ, ಬಾಕಿ, ವಸೂಲಿ, ಕಿಸ್ತು, ಜಮಾಬಂದಿಗಳ ಸಂಗಡ ಬಂತು.

ನಮ್ಮ ಚಿತ್ರದುರ್ಗ ಸೀಮೆಗೆ ಆ ದಾರಿ ತೀರ ಹತ್ತಿರದ್ದು. ಹಿರಿಯೂರಿಗೆ ಅಂಟಿಕೊಂಡ ಶಿರಾ 17ನೇ ಶತಮಾನದ ಕೊನೆಯಲ್ಲಿ ಮೊಗಲರ ಸುಬಾದ ಕೇಂದ್ರವಾಯಿತು. ದುರ್ಗದ ನಾಯಕರು ಅಲ್ಲಿಗೆ ಕಪ್ಪ ಕಟ್ಟಿದ್ದುಂಟು. ಮರಾಠರ ದಂಡು ಈ ಬಯಲಿನಲ್ಲಿ ಎಷ್ಟೋ ಸಲ ಹಾದುಹೋಯಿತು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ಕಪ್ಪ, ಕಂದಾಯ ಕೇಳುವವರ ಭಾಷೆ ಕಟ್ಟುವವರ ನಾಲಿಗೆಗೂ ಹತ್ತಿತು. 'ಜಿಲ್ಲೆ' ಮತ್ತು 'ತಾಲ್ಲೂಕು' ಕೂಡ ಇದೇ ಬಳಗದವು: ಮೊದಲನೆಯದರ ಮೂಲದಲ್ಲಿ ಪಕ್ಕೆಲುಬು, ಪಕ್ಕ ಎಂಬ ಅರ್ಥವಿದೆ, ಎರಡನೆಯದರಲ್ಲಿ ನಂಟು, ಸೇರಿದ್ದು ಎಂಬ ಅರ್ಥ. ಈ ಎರಡು ಪದಗಳನ್ನು ಇಲ್ಲೇ ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತವೆ.

ಹಾಗೆ ನೋಡಿದರೆ ಕಾಲದ ಕಟ್ಟು ಹೇಳುವುದಕ್ಕೆ ಕನ್ನಡಕ್ಕೆ ಪದಗಳ ಬರವೇನೂ ಇರಲಿಲ್ಲ. 'ಗಡುವು' ಇತ್ತು, ಗಡಿ, ಗಡು ಎಂಬ ದೇಸಿ ಬೇರಿನದು. ಸಂಸ್ಕೃತದ 'ಅವಧಿ' ಇತ್ತು. ಅದರ ಅರ್ಥವೂ ಎಲ್ಲೆಯೇ. ಈ ಎರಡರಲ್ಲೂ ಹೊಲದ ಬದುವಿನ ಗಟ್ಟಿತನವಿದೆ. ಬದುವನ್ನು ಒಬ್ಬನೇ ಸರಿಸಿಕೊಂಡರೆ ಊರು ಅದನ್ನು ಒತ್ತುವರಿ ಎನ್ನುತ್ತದೆ. ವಾಯಿದೆಯ ಗುಣ ಬೇರೆ. ಅದು ಇಬ್ಬರ ನಡುವಿನ ಮಾತು. ಮಾತಾದ್ದರಿಂದ ಅದನ್ನು ಮತ್ತೆ ಕೇಳಬಹುದು, ಕೊಡಬಹುದು, ಹೆಚ್ಚಿಸಬಹುದು. ಮೊದಲಿಗೆ ಮಾತು ಕೊಟ್ಟವನು ಅದಕ್ಕೆ ಕಟ್ಟುಬೀಳುತ್ತಿದ್ದ. ಸಾಲದ ಕಟ್ಟೆಯಲ್ಲಿ, ಕಚೇರಿಯ ಜಗಲಿಯಲ್ಲಿ ನೂರಾರು ವರ್ಷ ಸವೆದ ಮೇಲೆ, ವಾಯಿದೆ ಕೊಡುವವನು ಬಲಾಢ್ಯ, ತೆಗೆದುಕೊಳ್ಳುವವನು ದುರ್ಬಲ ಎಂದಾಯಿತು. ಪದದ ಬಾಳಿನಲ್ಲಿ ದೊಡ್ಡ ತಿರುವು ಇದೇ ಎಂದು ನಾನು ತಿಳಿದಿದ್ದೇನೆ.

ಸೊಸೈಟಿಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈರುಳ್ಳಿಗೋ ಶೇಂಗಾಕ್ಕೋ ತೆಗೆದ ಬೆಳೆಸಾಲವನ್ನು ವಾಯಿದೆಯೊಳಗೆ ಕಟ್ಟಿದರೆ ಸರ್ಕಾರದ ಯೋಜನೆಯಲ್ಲಿ ಬಡ್ಡಿಯಿಲ್ಲ. ವಾಯಿದೆ ಮೀರಿತೋ, ಬಡ್ಡಿ ಬೀಳುತ್ತದೆ, ಸಾಲ 'ಸುಸ್ತಿ' ಆಗುತ್ತದೆ. ಸುಸ್ತಿಯೂ ಪಾರಸಿಯದೇ, ಸಡಿಲ, ಸೋಮಾರಿತನ ಎಂದರ್ಥ. ಮಳೆ ಕೈಕೊಟ್ಟು ಕಟ್ಟಲಾಗದವನಿಗೂ ಪದ ಅದನ್ನೇ ಹಚ್ಚುತ್ತದೆ. ಸಂಘದ ಚುನಾವಣೆ ಬಂದಾಗ ಸುಸ್ತಿದಾರನಿಗೆ ಓಟಿಲ್ಲ. ಆಡಳಿತ ಮಂಡಳಿಯ ಚುನಾವಣೆಗೆ ಮೊದಲು ಮತದಾರರ ಪಟ್ಟಿ ಹೊರಬಿದ್ದಾಗ ತನ್ನ ಹೆಸರಿಲ್ಲದ್ದನ್ನು ಕಂಡು ಕಾರ್ಯದರ್ಶಿಯ ಮೇಜಿನ ಮುಂದೆ ತಕರಾರು ತೆಗೆಯುವ ರೈತನನ್ನು ನಮ್ಮ ತಾಲ್ಲೂಕುಗಳಲ್ಲಿ ಯಾರು ಬೇಕಾದರೂ ನೋಡಿರಬಹುದು. ವಾಯಿದೆ ಮೀರಿದ್ದಕ್ಕೆ ಅವನು ತೆರುವ ದಂಡ ಓಟಿನ ಹಕ್ಕು.

ಇನ್ನು ಸರ್ಕಾರದ ವಾಯಿದೆಗೆ ಬರೋಣ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ರಾಜ್ಯದಲ್ಲಿ ಕಡೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಐದು ವರ್ಷ 2021ರ ಬೇಸಿಗೆಗೆ ಮುಗಿಯಿತು. ಚಿತ್ರದುರ್ಗವೂ ಸೇರಿ ಜಿಲ್ಲೆಜಿಲ್ಲೆಗೂ ಆಡಳಿತಾಧಿಕಾರಿಗಳು ಬಂದರು. 2022 ಹೋಯಿತು, 2023, 2024 ಹೋದವು, 2025ರ ಮಧ್ಯಕ್ಕೆ ನಾಲ್ಕು ವರ್ಷ ದಾಟಿದರೂ ಮತದಾನ ನಡೆದಿರಲಿಲ್ಲ. ಸಂವಿಧಾನದ 243ಇ ವಿಧಿ ಬಳಸುವುದು ಅವಧಿಯ ಭಾಷೆ: ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಹೊಸ ಚುನಾವಣೆ ಅದರೊಳಗೇ ಮುಗಿಯಬೇಕು. ನಗರ ಸಂಸ್ಥೆಗಳ ಬಗ್ಗೆ ಇದೇ ಮಾತನ್ನು ಸುಪ್ರೀಂ ಕೋರ್ಟು 2006ರ ಕಿಶನ್‌ಸಿಂಗ್ ತೋಮರ್ ತೀರ್ಪಿನಲ್ಲಿ ಒತ್ತಿ ಹೇಳಿತು. ಸರ್ಕಾರಗಳು ಮಾತ್ರ ಈ ಅವಧಿಯನ್ನು ವಾಯಿದೆಯಾಗಿ ಓದಿಕೊಂಡವು.

ಓದಿಕೊಂಡ ಬಗೆ ಹೀಗೆ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗಿನ ಬಿಜೆಪಿ ಸರ್ಕಾರ ಕಾಯ್ದೆಯನ್ನೇ ತಿದ್ದಿ ಆ ಅಧಿಕಾರವನ್ನು ಆಯೋಗದಿಂದ ತೆಗೆದು ಹೊಸದೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟು 2021ರ ಮಾರ್ಚಿನಲ್ಲಿ ವಿಧಿಸಿದ ಮೂರು ಷರತ್ತುಗಳಿಗಾಗಿ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂದು ಅದೇ ವರ್ಷ ವರದಿಯನ್ನೂ ಕೊಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟು ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿ ಇನ್ನಷ್ಟು ಸಮಯ ಕೊಟ್ಟಿತು. ಸರ್ಕಾರಕ್ಕೂ ವಾಯ್ದೆ ಬಿತ್ತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಬಂತು, ವಿರೋಧ ಪಕ್ಷದಲ್ಲಿ ಇದ್ದಾಗ ಚುನಾವಣೆಗೆ ಮಾಡಿದ ಒತ್ತಾಯ ಅಧಿಕಾರಕ್ಕೆ ಬಂದಮೇಲೆ ಉಳಿಯಲಿಲ್ಲ.

ಮೀಸಲಾತಿಯ ಪ್ರಶ್ನೆ ಪೊಳ್ಳು ನೆಪವಲ್ಲ ಎಂಬುದನ್ನು ಹೇಳಲೇಬೇಕು. ಹಿರಿಯೂರಿನ ಕಾಡುಗೊಲ್ಲರ ಹಟ್ಟಿಯ ಹೆಣ್ಣುಮಗಳಿಗೆ ದುರ್ಗದ ಜಿಲ್ಲಾ ಪಂಚಾಯಿತಿ ಸಭಾಂಗಣದ ಬಾಗಿಲು ತೆರೆಯುವುದು ಮೀಸಲಾತಿಯಿಂದಲೇ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಚುನಾವಣೆಯೇ ಇಲ್ಲದಾಗ ಆ ಅರ್ಧವೂ ಇಲ್ಲ, ಹಟ್ಟಿಯ ಪಾಲೂ ಇಲ್ಲ. ಮೀಸಲಾತಿ ಸರಿಯಾಗಲಿ ಎಂದು ತಡೆದದ್ದರಿಂದ ಹೆಚ್ಚು ಕಳೆದುಕೊಂಡವರು ಮೀಸಲಾತಿಯ ಹಕ್ಕುದಾರರೇ.

ಹಾಗಾದರೆ ಎರಡೂ ಪಕ್ಷಗಳು ಒಂದೇ ದಾರಿ ಹಿಡಿದದ್ದೇಕೆ? ನನ್ನ ತಿಳಿವಳಿಕೆಯಲ್ಲಿ ಉತ್ತರ ವಿಧಾನಸಭಾ ಕ್ಷೇತ್ರದಲ್ಲಿದೆ. ಜಿಲ್ಲಾ ಪಂಚಾಯಿತಿ ಸದಸ್ಯ ಎಂದರೆ ನಾಳೆ ಟಿಕೆಟ್ ಕೇಳುವವನು. ಇವತ್ತು ಕೊಳವೆಬಾವಿ ಎಲ್ಲಿ, ರಸ್ತೆ ಯಾವ ಊರಿಗೆ, ಮನೆ ಯಾರಿಗೆ ಎಂಬ ತೀರ್ಮಾನದಲ್ಲಿ ಪಾಲು ಕೇಳುವವನು. ಆಡಳಿತಾಧಿಕಾರಿ ಕುರ್ಚಿಯಲ್ಲಿದ್ದರೆ ಶಾಸಕರ ಮಾತಿಗೆ ಎದುರು ಮಾತಿಲ್ಲ. ಅಧಿಕಾರಕ್ಕೆ ಬಂದ ಪಕ್ಷಕ್ಕೆ ನಡುವೆ ಹಳ್ಳಿಯ ಫಲಿತಾಂಶ ಕೈಕೊಟ್ಟೀತೆಂಬ ಅಳುಕೂ ಇದೆ. ಇದರ ಬೆಲೆಯನ್ನು ಹಳ್ಳಿಯೇ ತೆರುತ್ತದೆ: 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿತ್ತು.

ಚುನಾವಣೆ ಮುಂದೂಡುವುದು ಹಳೆಯ ಚಾಳಿ. ಸಚಿವರಾಗಿದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ತಂದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. 1992ರಲ್ಲಿ ಆ ಅವಧಿ ಮುಗಿದಾಗಲೂ ಆಡಳಿತಾಧಿಕಾರಿಗಳೇ ಬಂದರು. 1993ರಲ್ಲಿ ಹೊಸ ಕಾಯ್ದೆಯಾಗಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಮತ ಬಿದ್ದದ್ದು 1995ರಲ್ಲಿ. ಆ ಖಾಲಿ ಮೂರು ವರ್ಷದ್ದು.

ದೂರದ ಆಫ್ರಿಕದ ಪಶ್ಚಿಮ ಕರಾವಳಿಯಲ್ಲೂ ಇದೇ ನಡೆಯಿತು. 2024ರ ಫೆಬ್ರುವರಿಯಲ್ಲಿ ಸೆನೆಗಲ್‌ನ ಅಧ್ಯಕ್ಷ ಮ್ಯಾಕಿ ಸಾಲ್ ಮತದಾನಕ್ಕೆ ಮೂರು ವಾರವಿದ್ದಾಗ ಅಧ್ಯಕ್ಷೀಯ ಚುನಾವಣೆಯನ್ನು ಮುಂದೂಡಿದರು. ಡಾಕಾರಿನ ಬೀದಿಗೆ ಜನ ಇಳಿದರು, ಸಂವಿಧಾನ ಮಂಡಳಿ ದಿನಗಳಲ್ಲೇ ಆ ಮುಂದೂಡಿಕೆಯನ್ನು ರದ್ದು ಮಾಡಿತು, ಮಾರ್ಚ್ 24ರಂದು ಮತದಾನ ನಡೆದು ವಿರೋಧ ಪಕ್ಷದ ಬಾಸಿರು ಜೋಮಾಯ್ ಫಾಯ್ ಗೆದ್ದರು. ನೆರೆಯ ಮಾಲಿಯಲ್ಲಿ 2022ಕ್ಕೆ ಗೊತ್ತಾಗಿದ್ದ ಚುನಾವಣೆ 2024ಕ್ಕೆ ಹೋಗಿ, ಆಗಲೂ ನಡೆಯಲಿಲ್ಲ. ಅಲ್ಲಿ ಕುರ್ಚಿಯಲ್ಲಿದ್ದವರು ಸೇನೆಯವರು. ಅವಧಿ ಎಲ್ಲೆಯಾಗಿ ಉಳಿಯುವುದು ಸರಿಸಲು ಬಂದವರಿಗೆ ಅಡ್ಡ ನಿಲ್ಲುವವರು ಇದ್ದಾಗ.

ಜಿಲ್ಲೆ ಎಂದರೆ ಪಕ್ಕೆಲುಬು, ತಾಲ್ಲೂಕು ಎಂದರೆ ನಂಟು ಎಂದೆ. ಗ್ರಾಮ ಪಂಚಾಯಿತಿಗೂ ವಿಧಾನಸೌಧಕ್ಕೂ ನಡುವೆ ಜನ ಆರಿಸಿ ಕಳಿಸಿದವರು ಕೂರುವ ಎರಡು ಮೆಟ್ಟಿಲು ಅವೇ. ಅವು ಖಾಲಿ ಬಿದ್ದಿರುವುದರ ಬಗ್ಗೆ ಊರಿನಲ್ಲಿ ಸಿಟ್ಟಿಗಿಂತ ಮರೆವು ಹೆಚ್ಚಾಗಿರುವುದು ನನಗೆ ಎಲ್ಲಕ್ಕಿಂತ ನೋವಿನ ಸಂಗತಿ. ತಮ್ಮ ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರೆಂದು ಕೇಳಿದರೆ ಜನ ಹಳಬರ ಹೆಸರನ್ನೇ ಹೇಳುತ್ತಾರೆ.

ಆದ್ದರಿಂದ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓದುಗರಲ್ಲಿ ಒಂದು ಬಿನ್ನಹ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಎದ್ದು ನಿಂತು ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೇ ಮುಗಿದಿತ್ತು ಎಂಬ ಒಂದು ವಾಕ್ಯವನ್ನು ನಡಾವಳಿಯಲ್ಲಿ ಬರೆಸಿ. 'ಅವಧಿ' ಎಂದೇ ಬರೆಸಿ.