‘ಇಂದಿರಾಬಾಯಿ’ ಮತ್ತು ಪ್ರಾಪ್ತವಯಸ್ಸಿನ ಪ್ರಶ್ನೆ

ಮನುಷ್ಯರು ಎಂದಿಗೆ ಪ್ರಾಪ್ತವಯಸ್ಕರಾಗುವರೆಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ದೇಶದೊಳಗೆ ಒಂದೇ ಉತ್ತರವಿರಲಿಲ್ಲ. 1875ರ ಶಾಸನವು ಸಾಮಾನ್ಯವಾಗಿ 18 ವರ್ಷಗಳನ್ನು ಗೊತ್ತುಮಾಡಿತಾದರೂ ವಿವಾಹ, ದತ್ತಕ ಮೊದಲಾದವನ್ನು ಆ ನಿಯಮದಿಂದ ಹೊರಗಿಟ್ಟಿತು. ಆದಕಾರಣ ಒಂದು ಕ್ರಯಪತ್ರಕ್ಕೆ ರುಜು ಹಾಕಲು 18 ವರ್ಷ ತುಂಬಬೇಕಾಗಿದ್ದ ಆ ಕಾಲದಲ್ಲಿಯೇ, ಏನನ್ನೂ ಅರಿಯದ ಬಾಲೆಯ ಇಡೀ ಬಾಳು ಹಿರಿಯರ ಮಾತಿನಿಂದ ಇತ್ಯರ್ಥವಾಗುತ್ತಿದ್ದಿತು. ಅನೇಕ ಮನೆತನಗಳಲ್ಲಿ ಹೆಣ್ಣಿಗೆ ಬಾಲ್ಯವಿದ್ದಿತು, ಪತ್ನೀತ್ವವೋ ವೈಧವ್ಯವೋ ಇದ್ದಿತು. ನಡುವೆ ಬೆಳೆಯುವ ಕಾಲವೆಂಬುದಿರಲಿಲ್ಲ.

ಹೆಣ್ಣಿಗಿಲ್ಲದ ಈ ಕಾಲವನ್ನೇ ಕಥೆಯಾಗಿ ಬರೆದವರು ಗುಲ್ವಾಡಿ ವೆಂಕಟರಾಯರು (1844–1913). ಪೋಲೀಸು ಇಲಾಖೆಯಲ್ಲಿದ್ದು ಜನರ ಒಳಹೊರಗುಗಳನ್ನು ಕಂಡವರು ಅವರು. ಅವರ ‘ಇಂದಿರಾಬಾಯಿ’ಯು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಗೌರವವನ್ನು ವಿಮರ್ಶಕರು ಬಹುಮಟ್ಟಿಗೆ ಇದಕ್ಕೇ ಸಲ್ಲಿಸುವರು. ನಾಲ್ಕೇ ವರ್ಷಗಳಲ್ಲಿ, ಎಂದರೆ 1903ರಲ್ಲಿ, ಕೌಚ್‌ಮನ್ ಎಂಬವರ ಇಂಗ್ಲಿಷ್ ಅನುವಾದವೂ ಹೊರಬಿದ್ದಿತು.

ಕಥೆಯ ಇಂದಿರೆಯು ಸಿರಿವಂತನಾದ ಭೀಮರಾಯನ ಮಗಳು. ಎಳೆಯ ಪ್ರಾಯದಲ್ಲಿಯೇ ಮದುವೆಯಾಗಿ ವಿಧವೆಯಾದವಳು. ತಂದೆತಾಯಿಗಳು ಕಪಟ ಸಂತರಿಗೆ ಮರುಳಾಗಿ ಮಗಳನ್ನೂ ಅವರ ಸೇವೆಗೆ ನೂಕಲೆಳಸಿದಾಗ, ಆಕೆ ತೌರನ್ನು ತೊರೆದು ಉದಾರಿಯಾದ ಅಮೃತರಾಯರ ಮನೆಯನ್ನು ಸೇರುವಳು. ಅಲ್ಲಿ ವಿದ್ಯೆ ಕಲಿಯುವಳು. ಬಳಿಕ ವಿಲಾಯತಿಯಿಂದ ಓದಿ ಬಂದ ಭಾಸ್ಕರರಾಯನನ್ನು ವರಿಸುವಳು.

ಈ ಘಟನೆಗಳ ಕ್ರಮದಲ್ಲಿಯೇ ಗ್ರಂಥದ ತಿರುಳಿದೆ. ವಿಧವಾ ವಿವಾಹಕ್ಕೆ 1856ರಷ್ಟು ಹಿಂದೆಯೇ ಶಾಸನದ ಸಮ್ಮತಿ ದೊರೆತಿದ್ದಿತು. ಆದರೆ ಆ ಹಕ್ಕನ್ನು ಬಳಸುವವಳು ‘ಒಪ್ಪಿದೆ’ ಎಂದಾಗಲಿ ‘ಒಲ್ಲೆ’ ಎಂದಾಗಲಿ ನುಡಿಯಬಲ್ಲವಳಾಗಬೇಡವೇ? 1891ರ ಶಾಸನವು ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಅದು ದೇಹವನ್ನು ಕುರಿತ ಎಣಿಕೆ. ವೆಂಕಟರಾಯರು ಮನಸ್ಸಿನ ಸಮ್ಮತಿಯನ್ನು ಕುರಿತು ಬರೆದರು. ಅವರ ನಾಯಿಕೆ ಮೊದಲು ‘ಒಲ್ಲೆ’ನೆಂಬುದನ್ನು ಕಲಿತಳು, ಆಮೇಲೆ ಅಕ್ಷರ ಕಲಿತಳು, ಕಡೆಗೆ ‘ಒಪ್ಪಿದೆ’ನೆಂದಳು. ಎರಡನೆಯ ಮದುವೆಯು ಮೊದಲಿನದಕ್ಕಿಂತ ಭಿನ್ನವಾದುದು ವರನ ಪದವಿಯಿಂದಲ್ಲ, ವಧುವಿನ ಪ್ರೌಢತೆಯಿಂದ.

ಗ್ರಂಥಕ್ಕೆ ಅದರ ಕಾಲದ ಮಿತಿಗಳೂ ಉಂಟು. ಭಾಸ್ಕರನು ಕಡಲು ದಾಟಿ ಲೋಕವನ್ನು ಕಂಡು ಬೆಳೆಯುವನು. ಇಂದಿರೆಯು ಪರೋಪಕಾರಿಯೊಬ್ಬನ ಆಶ್ರಯದಲ್ಲಿದ್ದುಕೊಂಡೇ ಬೆಳೆಯಬೇಕು. ಆಕೆಯ ವಿದ್ಯೆಗೆ ಮದುವೆಯೇ ಕಡೆಯ ಫಲವಾಗಿ ನಿಲ್ಲುವುದು. ಅಂತಹ ಆಶ್ರಯ ದೊರೆಯದ ಬಾಲವಿಧವೆಯ ಪಾಡೇನೆಂಬ ಪ್ರಶ್ನೆಯನ್ನು ಕಥೆಯ ಸುಖಾಂತ್ಯವು ಮರೆಸಲಾರದು.

ಶಾಸನವು ಬಹು ನಿಧಾನವಾಗಿ ಇದೇ ದಾರಿಗೆ ಬಂದಿತು. 1929ರ ಶಾರದಾ ಶಾಸನವು ಹೆಣ್ಣಿನ ವಿವಾಹಕ್ಕೆ 14 ವರ್ಷಗಳ ಮೇರೆಯನ್ನು ಇಟ್ಟಿತು. 1949ರಲ್ಲಿ ಅದು 15 ಆಯಿತು, 1978ರಲ್ಲಿ 18 ಆಯಿತು. ಕ್ರಯಪತ್ರದ ರುಜುವಿಗೆ 1875ರಲ್ಲಿಯೇ ಬೇಕೆನಿಸಿದ ವಯಸ್ಸು ಹೆಣ್ಣಿನ ಮದುವೆಗೂ ಬೇಕೆನಿಸಲು ನೂರಮೂರು ವರ್ಷಗಳು ಹಿಡಿದುವು. ಆ ಅವಧಿಯ ಮೊದಲ ಕಾಲು ಭಾಗದೊಳಗೆಯೇ ಕನ್ನಡ ಕಾದಂಬರಿಯೊಂದು ಹೆಣ್ಣಿಗೆ ಬೆಳೆಯುವ ಕಾಲವನ್ನು ದೊರಕಿಸಿಕೊಟ್ಟಿತೆಂಬುದು ನೆನೆಯತಕ್ಕ ಸಂಗತಿ.