ಗೋಡೆ ಬರಹ ಮತ್ತು ಗುಪ್ತ ಭಯ

ನವದೆಹಲಿಯಿಂದ ಬೆಂಗಳೂರಿಗೆ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಫರೀದಾಬಾದ್ ದಾಟಿಯೇ ಬರಬೇಕು. ಆ ಹಾದಿಯ ಗೋಡೆಗಳ ಮೇಲೆ ‘ಗುಪ್ತರೋಗ’ ವೈದ್ಯರ ಜಾಹೀರಾತು ಕಾಣದ ಪ್ರಯಾಣಿಕರು ಕಡಿಮೆ. ಅದಕ್ಕೂ ಒಂದು ಇತಿಹಾಸವಿದೆ.

1954ರ ಒಂದು ಕಾಯ್ದೆ, ಸಿಫಿಲಿಸ್, ಗೊನೋರಿಯಾ ಮುಂತಾದವನ್ನು ವಾಸಿ ಮಾಡ್ತೀವಿ ಎನ್ನುವ ಔಷಧಿ ಜಾಹೀರಾತುಗಳನ್ನು ನಿಷೇಧಿಸಿತು. 1906ರಲ್ಲಿ ದೆಹಲಿಯಲ್ಲಿ ಹಕೀಮ್ ಅಬ್ದುಲ್ ಮಜೀದ್ ಆರಂಭಿಸಿದ ಹಮ್‌ದರ್ದ್ ದವಾಖಾನೆ (ರೂಹ್ ಅಫ್ಜಾದ ಹಮ್‌ದರ್ದ್) ಇದನ್ನು ಪ್ರಶ್ನಿಸಿತು. 1959ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಕೆಲವು ಭಾಗಗಳನ್ನು ರದ್ದು ಮಾಡಿತಾದರೂ, ಇಂಥ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದಿತು. ಕಾಯ್ದೆ ಉಳಿಯಿತು, ಗೋಡೆ ಬರಹವೂ ಉಳಿಯಿತು. ಯಾಕೆಂದರೆ ಭಯ ಉಳಿದಿತ್ತು.

ಆ ಭಯದ ಒಂದು ರೂಪಕ್ಕೆ 1960ರಲ್ಲಿ ಮನೋವೈದ್ಯ ಎನ್. ಎನ್. ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಮೂತ್ರದಲ್ಲಿ ಧಾತು ಹೋಗ್ತಿದೆ ಎಂಬ ಚಿಂತೆ, ಸುಸ್ತು, ನಿದ್ದೆಗೇಡು ಇದರ ಲಕ್ಷಣ.

ಪರೀಕ್ಷೆ ನೆಗೆಟಿವ್ ಬಂದರೂ ಕಿಬ್ಬೊಟ್ಟೆ ನೋವು, ಮೂತ್ರದ ಉರಿ ತಿಂಗಳುಗಟ್ಟಲೆ ಕಾಡುವುದುಂಟು. ನೋವು ಸುಳ್ಳಲ್ಲ. ಪ್ರಾಸ್ಟೇಟ್ ಭಾಗದ ದೀರ್ಘಕಾಲದ ನೋವಿನಲ್ಲಿ ಹೆಚ್ಚಿನವರಿಗೆ ರೋಗಾಣುವೇ ಸಿಗುವುದಿಲ್ಲ. ಸ್ನಾಯುಗಳ ಬಿಗಿತವೂ ಕಾರಣವಾಗಬಹುದು, ಆತಂಕ ಅದನ್ನು ಹೆಚ್ಚಿಸುತ್ತದೆ. ಅದನ್ನು ಪಾಪದ ಶಿಕ್ಷೆ ಎಂದುಕೊಂಡು ಬಾಯಿ ಮುಚ್ಚಿ ಕೂತವನೇ ಗೋಡೆ ಬರಹದವರ ಗಿರಾಕಿಯಾಗ್ತಾನೆ.

ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳು ಇರುವುದು ಇದಕ್ಕಾಗಿಯೇ. ನಮ್ಮ ಹುಡುಗರಿಗೆ ಆ ಬಾಗಿಲು ತೋರಿಸುವ ಧೈರ್ಯ ಮನೆಯ ಹಿರಿಯರಿಗೆ ಬರಬೇಕು.